ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಬರಲ್ಲ

ನಾಪೋಕ್ಲಿನಲ್ಲಿ ಹತ್ತು ದಿನ ಬಿಡದ ಮಳೆ, ಆಮೇಲೆ ಪಿಸಿ ಆನ್ ಮಾಡಿದರೆ ಫ್ಯಾನ್ ಮಾತ್ರ ತಿರುಗುತ್ತೆ, ಸ್ಕ್ರೀನಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹೋಗಿದೆಯಾ ಅಂತ ಕೇಳಿದ್ದೀರಿ. ಈಗಲೇ ಹೊಸ ಕಾರ್ಡ್ ತಗೋಬೇಡಿ ಮಾರಾಯ್ರೇ. ನನಗೆ ಅನುಮಾನ ಒಳಗಿನ ಮೆಮೊರಿ ಭಾಗ, ಅಂದರೆ ರ‍್ಯಾಮ್ ಮೇಲೆ.

ಮಡಿಕೇರಿಯಲ್ಲಿ ನನ್ನದೂ ಹೀಗೇ ಆಗಿತ್ತು. ಅಂಗಡಿಯವರು ಎಲ್ಲ ಭಾಗ ಕೂರುವ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡ್ ಸತ್ತಿದೆ ಅಂದರು. ಕೊನೆಗೆ ಸರಿ ಮಾಡಿದ್ದು ಮಗಳ ಕಂಪಾಸ್ ಬಾಕ್ಸಿನ ರಬ್ಬರು!

ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆಯಿರಿ. ಅದರ ಕೆಳಗಿನ ಚಿನ್ನದ ಬಣ್ಣದ ಪಟ್ಟಿ ಥಂಡಿಗೆ ಮಂಕಾಗಿರಬಹುದು, ಅದನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಉಜ್ಜಿ. ರಬ್ಬರಿನ ಪುಡಿ ಸ್ಲಾಟಿಗೆ ಬೀಳಬಾರದು. ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಆಗಲೂ ಬರದಿದ್ದರೆ ಕಾರ್ಡ್ ತೆಗೆದು, ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೇ ಹಾಕಿ.

ಮಳೆಗಾಲದಲ್ಲಿ ದಿನಾ ಅರ್ಧ ಗಂಟೆಯಾದರೂ ಗೇಮ್ ಆಡಿ, ಒಳಗಿನ ಬಿಸಿಗೆ ಥಂಡಿ ಆರುತ್ತೆ. (ಮನೆಯವರಿಗೆ ಹೇಳೋಕೆ ಒಳ್ಳೇ ನೆಪ ಅಲ್ವಾ?) ಗುಡುಗು ಬರೋ ಹಾಗಿದ್ದರೆ ಮಾತ್ರ, ಅದು ಶುರುವಾಗೋ ಮೊದಲೇ, ಪ್ಲಗ್ ಜೊತೆ ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕೀಳಿ. ಯುಪಿಎಸ್ ಇದೆ ಅಂತ ಸುಮ್ನೆ ಕೂರಬೇಡಿ, ಸಿಡಿಲು ಆ ತಂತಿಯಲ್ಲೂ ಬರುತ್ತೆ.