ಟೊಮೆಟೊ ಸೊರಗಿದ ಪಾತಿಗೆ ಮುಂದೇನು ಹಾಕೋಣ?

ಪ್ರಶ್ನೆ: ಮೈಸೂರಿನ ನಮ್ಮ ಮನೆ ಹಿಂದೆ ನಾಲ್ಕು ಪಾತಿ ಮಾಡಿ ತರಕಾರಿ ಬೆಳೆಯುತ್ತೇವೆ. ರಾಸಾಯನಿಕ ಮುಟ್ಟುವುದಿಲ್ಲ, ಕೊಟ್ಟಿಗೆ ಗೊಬ್ಬರ ಮಾತ್ರ. ಒಂದು ಪಾತಿಯಲ್ಲಿ ಮೊದಲು ಟೊಮೆಟೊ ಚೆನ್ನಾಗಿ ಬಂತು. ಬೆಳೆ ಬದಲಿಸಬೇಕು ಅಂತ ಆಮೇಲೆ ಬದನೆ, ಅದಾದ ಮೇಲೆ ಮೆಣಸಿನಕಾಯಿ ಹಾಕಿದೆವು. ಈ ಸಲ ಮತ್ತೆ ಟೊಮೆಟೊ ನೆಟ್ಟರೆ, ಹೂ ಬಿಡುವ ಹೊತ್ತಿಗೆ ಗಿಡಗಳು ಹಸಿರಾಗಿದ್ದ ಹಾಗೇ ಜೋತುಬಿದ್ದು ಸತ್ತುಹೋದವು. ನೀರಿಗೆ ಕೊರತೆ ಇರಲಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ: ಬೆಳೆ ಬದಲಿಸಬೇಕು ಅಂತ ನಿಮಗೆ ಹೊಳೆದದ್ದು ಸರಿಯೇ. ಆದರೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಒಂದಕ್ಕೆ ತಗಲುವ ಮಣ್ಣಿನ ರೋಗ ಉಳಿದವಕ್ಕೂ ತಗಲುತ್ತದೆ. ನಿಮ್ಮ ಪಾತಿಯ ಮಣ್ಣಿಗೆ ಇಷ್ಟು ದಿನ ಬಿಡುವೇ ಸಿಕ್ಕಿಲ್ಲ.

ನೀವು ಹೇಳುವ ಲಕ್ಷಣ ದುಂಡಾಣು ಸೊರಗು ರೋಗದ್ದು ಅನ್ನಿಸುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಆ ತುಂಡಿನ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದೇ ರೋಗ.

ಹಾಗಿದ್ದರೆ ಸತ್ತ ಗಿಡಗಳನ್ನು ಬೇರುಸಮೇತ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಪಾತಿಯ ನೀರು ಪಕ್ಕದ ಪಾತಿಗೆ ಹರಿಯಬಾರದು. ಅಲ್ಲಿ ಬಳಸಿದ ಗುದ್ದಲಿಯನ್ನು ತೊಳೆದೇ ಬೇರೆ ಕಡೆ ಬಳಸಿ. ಇನ್ನೊಂದು ಮಾತು, ಗಣಿಕೆ ಸೊಪ್ಪು. ತಾನಾಗೇ ಹುಟ್ಟಿದೆ, ಸಾರಿಗೆ ಆಗುತ್ತೆ ಅಂತ ನಾವೆಲ್ಲ ಬಿಟ್ಟುಕೊಳ್ಳುತ್ತೇವೆ ಅಲ್ವಾ? ಅದೂ ಟೊಮೆಟೊ ಕುಟುಂಬದ್ದೇ. ಈ ಪಾತಿಯಲ್ಲಿ ಅದು ಬೇಡ.

ಕನಿಷ್ಠ 3 ವರ್ಷ ಅಲ್ಲಿ ಈ ಕುಟುಂಬದ ಯಾವುದನ್ನೂ ನೆಡಬೇಡಿ. ಮೊದಲು ಮುಸುಕಿನ ಜೋಳ ಅಥವಾ ರಾಗಿ, ಆಮೇಲೆ ಕೋಸು, ಮೂಲಂಗಿ, ಈರುಳ್ಳಿ ಬೆಳೆಯಿರಿ. ಶೇಂಗಾ, ಶುಂಠಿ ಬೇಡ, ಅವಕ್ಕೂ ದುಂಡಾಣು ಸೊರಗು ರೋಗ ಬರುತ್ತದೆ. ಮುಂದೆ ಟೊಮೆಟೊ ನೆಡುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ನೋಡಿ. ಎಲೆ ಮುದುಡು, ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವಂತೆ ಬೆಳೆಸಿದ ಹೈಬ್ರಿಡ್ ಅದು. ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಟ್ಟರೆ ಅದೇ ಗುಣ ಬರುವುದಿಲ್ಲ.

ಉಳಿದ ಮೂರು ಪಾತಿಗಳಲ್ಲಿ ಸರದಿ ಸುಲಭ. ಒಂದರಲ್ಲಿ ಟೊಮೆಟೊ ಬಳಗ, ಇನ್ನೊಂದರಲ್ಲಿ ಹೀರೆ, ಸೌತೆ, ಹಾಗಲದಂಥ ಬಳ್ಳಿ, ಮತ್ತೊಂದರಲ್ಲಿ ಹುರುಳಿಕಾಯಿ, ಅಲಸಂದೆ, ಅವರೆ. ಪ್ರತಿ ಬೆಳೆಗೂ ಒಂದೊಂದು ಪಾತಿ ಮುಂದಕ್ಕೆ ಹೋಗಲಿ. ಸೊಪ್ಪು ಬೇಗ ಮುಗಿಯುವ ಬೆಳೆ, ಎರಡು ಬೆಳೆಯ ನಡುವೆ ಎಲ್ಲಿ ಬೇಕಾದರೂ ಎರಚಿ. ಗೊಬ್ಬರ ಎಲ್ಲದಕ್ಕೂ ಒಂದೇ ಸಮ ಬೇಡ. ಟೊಮೆಟೊಗೆ, ಬಳ್ಳಿಗಳಿಗೆ ಜಾಸ್ತಿ ಕೊಡಿ. ಹುರುಳಿಕಾಯಿಗೆ ಜಾಸ್ತಿಯಾದರೆ ಬರೀ ಎಲೆ ಬೆಳೆಯುತ್ತದೆ. ಕ್ಯಾರೆಟ್‌ಗೆ ಹಸಿ ಗೊಬ್ಬರ ಹಾಕಿದರೆ ಗಡ್ಡೆ ಕವಲೊಡೆಯುತ್ತದೆ.

ಹುರುಳಿಕಾಯಿ ಹೂ ಬಿಡುವಾಗ ಒಂದು ಗಿಡವನ್ನು ಮೆಲ್ಲಗೆ ಅಗೆದು ಬೇರು ನೋಡಿ. ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಇದ್ದರೆ, ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ ಅಂತ ಅರ್ಥ. ಅದನ್ನು ಮಕ್ಕಳಿಗೂ ತೋರಿಸಿ, ತುಂಬ ಖುಷಿಯಾಗುತ್ತದೆ. ಕೊಯ್ಲು ಮುಗಿದ ಮೇಲೆ ಗಿಡ ಕೀಳಬೇಡಿ. ಬುಡಕ್ಕೆ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಡಿ. ಆದರೆ ಕಾಯಿ ಕಿತ್ತುಕೊಂಡಾಗ ಸಾರಜನಕದ ದೊಡ್ಡ ಪಾಲು ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಮುಂದಿನ ಬೆಳೆಗೆ ಗೊಬ್ಬರ ತಪ್ಪಿಸಬೇಡಿ.

ಅದೇ ಟೊಮೆಟೊ, ಬೆಂಡೆಯ ಬೇರಲ್ಲಿ ಗಂಟು ಕಂಡರೆ ಬೇರೆ ಕಥೆ. ಹುರುಳಿಕಾಯಿಯ ಗಂಟು ಬೆರಳಿಂದ ಉಜ್ಜಿದರೆ ಉದುರುತ್ತದೆ. ಮಣ್ಣಲ್ಲಿದ್ದು ಬೇರಿಗೆ ಹೊಗುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ ಗಂಟು ಉದುರುವುದಿಲ್ಲ, ಬೇರೇ ಊದಿಕೊಂಡಿರುತ್ತದೆ. ಅಂಥ ಪಾತಿಯಲ್ಲಿ ಎರಡು ಮೂರು ತಿಂಗಳು ಬರೀ ಚೆಂಡು ಹೂ ಬೆಳೆಯಿರಿ. ಮೂಲೆಗೆ ಸುಮ್ನೆ ಒಂದೆರಡು ಗಿಡ ನೆಟ್ಟರೆ ಸಾಲದು, ಪಾತಿ ತುಂಬ ಒತ್ತೊತ್ತಾಗಿ ಇರಬೇಕು.

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ತಾರಸಿ ತೋಟ. ಕುಂಡದಲ್ಲೂ ಸರದಿ ಬೇಕಾ?

ಉತ್ತರ: ಬೇಕು. ಯಾವ ಕುಂಡದಲ್ಲಿ ಯಾವುದಿತ್ತು ಅಂತ ಕುಂಡದ ಮೇಲೇ ಬಣ್ಣದಲ್ಲಿ ಬರೆದಿಡಿ. ಹಳೆ ಮಣ್ಣನ್ನೆಲ್ಲ ಒಟ್ಟಿಗೆ ಸುರಿದು ಬೆರೆಸಬೇಡಿ, ಒಂದು ಕುಂಡದ ರೋಗ ಎಲ್ಲಕ್ಕೂ ಹಬ್ಬುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಮಣ್ಣನ್ನು ಒದ್ದೆ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ 4ರಿಂದ 6 ವಾರ ಬಿಡಿ. ಆಮೇಲೆ ಎರೆಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ, ಮೊದಲ ಮಳೆಗೆ ಅಲಸಂದೆ ಬೀಜ ಊರಿ.