ಹುಲ್ಲಿನ ಮನೆ ನೋಡೋಕೆ ಜಪಾನಿಗೆ ಹೋಗಬೇಕಾ?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನಮ್ಮದು ರಾಮನಗರದ ಹತ್ತಿರ ಒಂದು ಹಳ್ಳಿ. ಮಗ ಬಿಡದಿಯ ಕಾರ್ ಕಾರ್ಖಾನೆಯಲ್ಲಿದ್ದ, ಈಗ ಕಂಪನಿ ಕೆಲಸದ ಮೇಲೆ ಸಂಸಾರ ಸಮೇತ ಜಪಾನಿನ ನಗೋಯಾ ಹತ್ತಿರ ಇದ್ದಾನೆ. ಏಪ್ರಿಲ್ ಕೊನೆಗೆ ನಾವಿಬ್ಬರೂ ಹೋಗುತ್ತಿದ್ದೇವೆ. ಒಂದು ದಿನ ಎಲ್ಲರೂ ಸೇರಿ ಶಿರಕಾವಾ-ಗೋ ಎಂಬ ಬೆಟ್ಟದ ಹಳ್ಳಿಗೆ ಹೋಗಬೇಕು ಅಂತ ಸೊಸೆಗೆ ಆಸೆ. ನಮ್ಮ ಯಜಮಾನರು 'ಹುಲ್ಲಿನ ಮನೆ ನೋಡೋಕೆ ಜಪಾನಿಗೆ ಹೋಗಬೇಕಾ, ನಾನು ಹುಟ್ಟಿದ್ದೇ ಅದರಲ್ಲಿ' ಅಂತಾರೆ. ಮಗ 'ಅದು ಊರಲ್ಲ, ಟೂರಿಸ್ಟರಿಗೆ ಹಾಕಿದ ಸೆಟ್ಟು' ಅಂತಾನೆ. ನನಗೆ ಮಂಡಿ ನೋವು, ಮೀನು ಮಾಂಸ ತಿನ್ನಲ್ಲ, ಸೀರೆ ಬಿಟ್ಟು ಬೇರೆ ಅಭ್ಯಾಸವಿಲ್ಲ. ಮೊಮ್ಮಗಳಿಗೆ ಏಳು ವರ್ಷ. ನೀವು ಹೋಗಿ ಬಂದವರು, ಏನು ಮಾಡೋಣ ಹೇಳಿ. ರೇಷ್ಮೆ ಹುಳ ಸಾಕುತ್ತಿದ್ದ ಕಾಲದಲ್ಲಿ ಒಂದು ದಿನ ಮನೆ ಬಿಟ್ಟು ಕದಲಿದವರಲ್ಲ ನಾವು, ಈಗ ಒಂದೇ ಸಲಕ್ಕೆ ಜಪಾನು!"

ಸಂಪಾದಕರ ಉತ್ತರ:

ಅಮ್ಮಾ, ಹೋಗಿ ಬನ್ನಿ. ಬೇರೆ ಯಾರಾದರೂ ಕೇಳಿದ್ದರೆ ಇಷ್ಟು ಬೇಗ ಹೇಳುತ್ತಿರಲಿಲ್ಲ. ನೀವು ಹುಳ ಸಾಕಿದವರು ಅಂತ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಮಾತು ಹಾಕಿದ್ದೀರಿ ನೋಡಿ, ನನ್ನ ಉತ್ತರ ಪೂರ್ತಿ ಅದರ ಮೇಲೇ ನಿಂತಿದೆ. ಆ ಊರಿಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಹೊರಗೆ ನಿಂತು ಸೂರಿನ ಫೋಟೋ ತೆಗೆದು, ಏನಾದರೂ ತಿಂದು, ಬಸ್ ಹತ್ತುತ್ತಾರೆ. ಆ ಸೂರು ಅಷ್ಟು ಎತ್ತರ ಯಾಕಿದೆ ಅಂತ ಕೇಳುವವರು ಕಡಿಮೆ. ಅದು ಹುಳದ ಮನೆ. ಕೆಳಗೆ ಜನ, ಮೇಲಿನ ಎರಡು ಮೂರು ಅಟ್ಟಗಳಲ್ಲಿ ರೇಷ್ಮೆ ಹುಳ. ಬೆಟ್ಟದ ಸಂದಿಯ ಊರು, ಗದ್ದೆಗೆ ಸಮತಟ್ಟು ನೆಲ ಸಾಲದು. ಇಳಿಜಾರಿನಲ್ಲಿ ಹಿಪ್ಪುನೇರಳೆ ಹಾಕಿದರು, ಮನೆಯನ್ನು ಮೇಲಕ್ಕೆ ಬೆಳೆಸಿದರು.

ಯಜಮಾನರ ಮಾತಿಗೆ ಮೊದಲು ಬರ್ತೀನಿ. ಅವರು ಹುಟ್ಟಿದ ಹುಲ್ಲಿನ ಮನೆ ಬಿಸಿಲು ತಡೆಯಲು, ಮುಂಗಾರು ತಡೆಯಲು ಕಟ್ಟಿದ್ದು. ಇದು ಹಿಮ ತಡೆಯಲು ಕಟ್ಟಿದ್ದು. ಚಳಿಗಾಲದಲ್ಲಿ ಅಲ್ಲಿ ಎರಡು ಮೀಟರ್‌ಗೂ ಮೀರಿ ಹಿಮ ಕೂರುತ್ತದೆ, ನಮ್ಮ ತಲೆಗಿಂತ ಎತ್ತರ. ಅದರ ಭಾರ ಜಾರಿ ಕೆಳಗೆ ಬೀಳಲಿ ಅಂತ ಸೂರನ್ನು ಸುಮಾರು 60 ಡಿಗ್ರಿಗೆ ನೆಟ್ಟಗೆ ನಿಲ್ಲಿಸಿದ್ದಾರೆ, ಕೈ ಮುಗಿದ ಹಾಗೆ. ಗಸ್ಶೋ ಮನೆ ಅಂತ ಅದಕ್ಕೇ ಅನ್ನುತ್ತಾರೆ. ಸೂರಿನ ಚೌಕಟ್ಟಿಗೆ ಒಂದು ಮೊಳೆ ಹೊಡೆದಿಲ್ಲ. ದಪ್ಪ ಮರಗಳನ್ನು ಹುಲ್ಲಿನ ಹಗ್ಗದಿಂದ, ಹಸಿಯಾಗಿದ್ದಾಗಲೇ ತಿರುಚಿದ ಎಳೆ ಕೊಂಬೆಗಳಿಂದ ಬಿಗಿದಿದ್ದಾರೆ. ಕೊಂಬೆ ಒಣಗಿದಷ್ಟೂ ಕಟ್ಟು ಬಿಗಿಯಾಗುತ್ತದೆ. ಸೂರು ಹೊರುವ ದೊಡ್ಡ ಮರಗಳ ಕಾಲನ್ನು ಚೂಪಾಗಿ ಕೆತ್ತಿ ಕೆಳಗಿನ ತೊಲೆಯ ಗುಳಿಯಲ್ಲಿ ಸುಮ್ನೆ ನಿಲ್ಲಿಸಿದ್ದಾರೆ, ಬಿಗಿದಿಲ್ಲ. ಗಾಳಿ ಬಂದರೆ, ಒಂದು ಪಕ್ಕಕ್ಕೇ ಹಿಮ ಜಾಸ್ತಿ ಬಿದ್ದರೆ, ಇಡೀ ಸೂರು ಚೂರು ಅಲುಗಾಡಿ ಮತ್ತೆ ಕೂರಲಿ ಅಂತ. ಕೆಳಗಿನ ಮನೆ ಕಟ್ಟಲು ಬಡಗಿಗಳು ಬರುತ್ತಿದ್ದರು, ಮೇಲಿನ ಸೂರು ಮಾತ್ರ ಊರವರದೇ ಕೆಲಸ. ಯಜಮಾನರು ಮನೆ ಕೆಲಸ ಬಲ್ಲವರಾದರೆ ಆ ಕಟ್ಟುಗಳ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ, ನೀವೇ ಎಳೆದುಕೊಂಡು ಬರಬೇಕಾಗುತ್ತದೆ.

ಈಗ ನಿಮ್ಮ ಭಾಗ. ಓಗಿಮಾಚಿ ಅಂತ ಒಂದು ಊರು, ಶಿರಕಾವಾ-ಗೋ ಅಂದರೆ ಎಲ್ಲರೂ ಹೋಗುವುದು ಅಲ್ಲಿಗೇ. ಅಲ್ಲಿ ವಾಡಾ ಮನೆ ಅಂತಿದೆ, ಊರಿನ ಗಸ್ಶೋ ಮನೆಗಳಲ್ಲಿ ದೊಡ್ಡದು. ಊರ ಮುಖ್ಯಸ್ಥರಾಗಿದ್ದ ಕುಟುಂಬದ್ದು, ಈಗಲೂ ಒಂದು ಭಾಗದಲ್ಲಿ ಮನೆಯವರು ವಾಸವಾಗಿದ್ದಾರೆ, ಉಳಿದದ್ದನ್ನು ಟಿಕೆಟ್ ಕೊಟ್ಟು ನೋಡಬಹುದು. ಕೆಳಗೆ ನೆಲದಲ್ಲೇ ಚೌಕವಾಗಿ ತೋಡಿದ ಬೆಂಕಿಗುಳಿ. ಅದರ ಮೇಲೆ ಒಂದು ಅಗಲವಾದ ಮರದ ಹಲಗೆ ನೇತಾಡುತ್ತಿರುತ್ತದೆ, ಕಿಡಿ ಮೇಲಕ್ಕೆ ಹಾರದ ಹಾಗೆ, ಬಿಸಿ ಸುತ್ತಲೂ ಹರಡುವ ಹಾಗೆ. ಆಮೇಲೆ ಅಟ್ಟ ಹತ್ತಿ. ಅಟ್ಟದ ನೆಲವನ್ನು ಬಿಗಿಯಾಗಿ ಮುಚ್ಚದೆ ಸಂದಿ ಬಿಟ್ಟು ಹಾಸಿರುತ್ತಾರೆ, ಕೆಳಗಿನ ಬಿಸಿ ಹುಳಕ್ಕೆ ತಾಗಲಿ ಅಂತ. ಮನೆಯ ಎರಡು ತುದಿಯ ತ್ರಿಕೋನದ ಗೋಡೆಗಳಲ್ಲಿ ಕಿಟಕಿಗಳು. ಊರಿನ ಮನೆಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಂತಿವೆ, ತುದಿಗಳು ಉತ್ತರ ದಕ್ಷಿಣಕ್ಕೆ. ಕಣಿವೆಯ ಗಾಳಿ ಒಂದು ಕಿಟಕಿಯಿಂದ ನುಗ್ಗಿ ಇನ್ನೊಂದರಿಂದ ಹೋಗುತ್ತದೆ, ಸೂರಿನ ಎರಡೂ ಇಳಿಜಾರಿಗೆ ಬಿಸಿಲು ಬೀಳುತ್ತದೆ. ಹುಳಕ್ಕೆ ಗಾಳಿಯೂ ಬೇಕು, ಬೆಚ್ಚಗೂ ಇರಬೇಕು ಅನ್ನುವುದನ್ನು ನಿಮಗೆ ನಾನು ಹೇಳಬೇಕಾ? ಚಳಿಗೆ ಇದ್ದಿಲ ಒಲೆ ಇಟ್ಟು, ಹುಳ ಪೊರೆ ಕಳಚಿ ಜ್ವರ ಏಳುವ ಹೊತ್ತಿಗೆ ನಿದ್ದೆಗೆಟ್ಟು ಸೊಪ್ಪು ಹಾಕಿದವರು ನೀವು. ಅಲ್ಲಿಯ ಗೈಡ್ ನಿಮ್ಮ ಸೊಸೆಗೆ ಹೇಳುವುದಕ್ಕಿಂತ ಜಾಸ್ತಿಯನ್ನು ನೀವು ಮೊಮ್ಮಗಳಿಗೆ ಹೇಳಬಲ್ಲಿರಿ.

ಬೆಂಕಿಯ ಹೊಗೆಗೂ ಕೆಲಸವಿತ್ತು. ಅದು ಹುಲ್ಲನ್ನೂ ಹಗ್ಗವನ್ನೂ ಹದ ಮಾಡಿ, ಹುಳುಕು ಹಿಡಿಯದಂತೆ ಕಾಯುತ್ತಿತ್ತು. ಒಳಗೆಲ್ಲ ಕಪ್ಪಗಿರುವುದು ಅದಕ್ಕೇ. ಬೆಂಕಿ ಹಾಕುವುದು ನಿಂತ ಮನೆಗಳಲ್ಲಿ ಸೂರು ಬೇಗ ಹಾಳಾಗುತ್ತದೆ.

ಹುಳದ ಹಿಕ್ಕೆಯನ್ನು ನೀವು ಏನು ಮಾಡುತ್ತಿದ್ದಿರಿ? ತಿಪ್ಪೆಗೆ, ಅಲ್ವಾ. ಇವರು ಅದರಿಂದ ಮದ್ದುಗುಂಡಿನ ಸಾಮಾನು ಮಾಡಿದರು! ಸುಳ್ಳಲ್ಲ. ಬೆಂಕಿಗುಳಿಯ ಪಕ್ಕದಲ್ಲಿ ನೆಲದಡಿ ಹಳ್ಳ ತೋಡಿ, ಮಣ್ಣು, ಹುಳದ ಹಿಕ್ಕೆ, ಕಾಡು ಸೊಪ್ಪು ಪದರ ಪದರವಾಗಿ ಹಾಕಿ, ಮೂತ್ರವನ್ನೂ ಬೆರೆಸಿ, ನಾಲ್ಕೈದು ವರ್ಷ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಆ ಮಣ್ಣಿಗೆ ನೀರು ಹಾಯಿಸಿ ಸೋಸಿ ಕಾಯಿಸಿದರೆ ಪೆಟ್ಲುಪ್ಪು ಸಿಗುತ್ತಿತ್ತು, ಕೋವಿ ಮದ್ದಿಗೆ ಬೇಕಾದ ಮುಖ್ಯ ವಸ್ತು. ಪಕ್ಕದ ಗೊಕಯಾಮಾ ಊರುಗಳಿಂದ ಅದು ಕನಜಾವಾದ ಮಯೆದಾ ದೊರೆಗಳಿಗೆ ಹೋಗುತ್ತಿತ್ತು. ಹೊರಗಿನವರು ಸುಲಭಕ್ಕೆ ತಲುಪಲಾಗದ ಕಣಿವೆ, ಗುಟ್ಟಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ವಾಡಾ ಮನೆಯವರು ಸಿರಿವಂತರಾಗಿದ್ದರ ಹಿಂದೆಯೂ ಈ ವ್ಯಾಪಾರ ಇದೆ. ವಿದೇಶದ ಅಗ್ಗದ ಪೆಟ್ಲುಪ್ಪು ಬಂದ ಮೇಲೆ ಕಸುಬು ಸತ್ತಿತು. ರೇಷ್ಮೆ ಇನ್ನೂ ಬಹಳ ಕಾಲ ನಡೆದು ಆಮೇಲೆ ಅದೂ ನಿಂತಿತು.

ನಮ್ಮ ಕಡೆಯ ರೇಷ್ಮೆಗೂ ಜಪಾನಿಗೂ ಹಳೆಯ ನಂಟಿದೆ ಅಂತ ಯಜಮಾನರಿಗೆ ಹೇಳಿ. 1900ರ ಆಸುಪಾಸಿನಲ್ಲಿ ಜಮ್ಶೆಟ್‌ಜಿ ಟಾಟಾ ಜಪಾನಿನಿಂದ ಬಲ್ಲವರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ನಡೆಸಿದರು. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಹೆಸರು ಇವತ್ತಿಗೂ ಇದೆ, ಅಲ್ಲಿ ಈಗ ಹುಳ ಇಲ್ಲ, ಅಪಾರ್ಟ್‌ಮೆಂಟ್ ಇದೆ.

ಇನ್ನೊಂದು ವಿಷಯ, ಸೊಸೆ ಎದುರಿಗೆ ಹೇಳಿ ನಗಬಹುದು. ಆ ಕಣಿವೆಯ ಕೆಲವು ಊರುಗಳಲ್ಲಿ ಒಂದೇ ಸೂರಿನ ಕೆಳಗೆ ಇಪ್ಪತ್ತು ಮೂವತ್ತು ಜನ ಇರುತ್ತಿದ್ದರು. ಜಮೀನು ಪಾಲಾದರೆ ಯಾರಿಗೂ ಉಳಿಯಲ್ಲ, ಹುಳಕ್ಕೆ ಕೈಗಳೂ ಬೇಕು. ಅದಕ್ಕೆ ಹಿರಿಮಗನೊಬ್ಬ ಮಾತ್ರ ಮದುವೆಯಾಗಿ ಹೆಂಡತಿಯನ್ನು ಮನೆಗೆ ತರುತ್ತಿದ್ದ. ತಮ್ಮಂದಿರು ಹುಟ್ಟಿದ ಮನೆಯಲ್ಲೇ ದುಡಿಯುತ್ತ, ರಾತ್ರಿ ಹೆಂಡತಿಯ ಮನೆಗೆ ಹೋಗಿ ಬರುತ್ತಿದ್ದರು. ಮಕ್ಕಳು ತಾಯಿಯ ತವರಲ್ಲೇ ಬೆಳೆಯುತ್ತಿದ್ದವು. ಒಟ್ಟು ಕುಟುಂಬ ಎಷ್ಟು ಚೆಂದ ಅಂತ ನಮ್ಮ ಪತ್ರಿಕೆಗೇ ತಿಂಗಳಿಗೆ ಹತ್ತಾರು ಲೇಖನ ಬರುತ್ತವೆ. ಆ ತಮ್ಮಂದಿರನ್ನು ಒಂದು ಮಾತು ಕೇಳಿ ಬರೆಯಬೇಕು ಅನಿಸುತ್ತದೆ ನನಗೆ.

ನಿಮ್ಮ ಮಗ ಸೆಟ್ಟು ಅಂದ. ಅವನ ಮಾತನ್ನು ಪೂರ್ತಿ ತಳ್ಳಿಹಾಕಲ್ಲ. ಗಿಫ್ಟ್ ಅಂಗಡಿಗಳು, ತಳ್ಳಾಟ, ಎಲ್ಲ ಕಡೆ ಸೆಲ್ಫಿ ಕೋಲು, ಮಧ್ಯಾಹ್ನದ ಹೊತ್ತಿಗೆ ಬೀದಿ ಜಾತ್ರೆ ಆಗಿರುತ್ತದೆ. ಇಡೀ ಶಿರಕಾವಾದ ಜನಸಂಖ್ಯೆ 1,500ರ ಆಸುಪಾಸು, ಬರುವವರು ವರ್ಷಕ್ಕೆ 15 ಲಕ್ಷಕ್ಕೂ ಮೇಲೆ. ಆದರೂ ಅದು ಸೆಟ್ಟಲ್ಲ. ಎರಡನೇ ಮಹಾಯುದ್ಧದ ನಂತರ ಆ ಕಣಿವೆಯ ನದಿಗೆ ಅಣೆಕಟ್ಟುಗಳು ಬಂದವು, 1961ರಲ್ಲಿ ಮುಗಿದ ಮಿಬೊರೊ ಅಣೆಕಟ್ಟಿನಲ್ಲಿ ಊರುಗಳೇ ಮುಳುಗಿದವು, ಉಳಿದ ಮನೆಗಳನ್ನು ಜನ ಮಾರಿಕೊಂಡು ಪಟ್ಟಣ ಸೇರಿದರು. ಕೆಲವು ಮನೆಗಳು ಬಿಚ್ಚಿಸಿಕೊಂಡು ದೊಡ್ಡ ಊರುಗಳಲ್ಲಿ ಹೋಟೆಲ್ ಆದವು. ಆಗ 1971ರಲ್ಲಿ ಓಗಿಮಾಚಿಯವರು ಕೂತು ತಮಗೆ ತಾವೇ ಕಟ್ಟು ಹಾಕಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಯುನೆಸ್ಕೋ ಪಟ್ಟಿಗೆ ಸೇರಿದ್ದು ಆಮೇಲೆ, 1995ರಲ್ಲಿ, ಗೊಕಯಾಮಾದ ಐನೊಕುರಾ ಮತ್ತು ಸುಗನುಮಾ ಊರುಗಳ ಜೊತೆ. ತಮ್ಮ ಸ್ವಂತ ಮನೆಯನ್ನು ಮಾರಲ್ಲ ಅಂತ ಊರಿಗೆ ಊರೇ ಒಪ್ಪುವುದು, ಬೆಂಗಳೂರು ಮೈಸೂರು ರಸ್ತೆಯ ಪಕ್ಕದಲ್ಲಿ ಜಮೀನಿರುವ ನಿಮಗೆ ಅದರ ಬೆಲೆ ಗೊತ್ತು.

ಸೂರು ಹೊದಿಸುವುದು ಮೂವತ್ತು ನಲವತ್ತು ವರ್ಷಕ್ಕೊಮ್ಮೆ. ಮೊದಲೆಲ್ಲ ಪೂರ್ತಿ ಮುಯ್ಯಾಳಿನ ಕೆಲಸ. ಇವತ್ತು ನಿನ್ನ ಮನೆಗೆ ನಾನು, ಮುಂದೆ ನನ್ನ ಮನೆಗೆ ನೀನು. ಯಾರ ಮನೆಗೆ ಯಾರು ಎಷ್ಟು ಹುಲ್ಲು, ಎಷ್ಟು ಹಗ್ಗ, ಎಷ್ಟು ಆಳು ಕೊಟ್ಟರು ಅಂತ ಲೆಕ್ಕದ ಪುಸ್ತಕ ಇಡುತ್ತಿದ್ದರು. ನೂರಾರು ಜನ ಒಂದೇ ಸಲ ಸೂರಿನ ಮೇಲೆ ಹತ್ತಿ ಒಂದೆರಡು ದಿನದಲ್ಲಿ ಒಂದು ಇಳಿಜಾರು ಮುಗಿಸುತ್ತಿದ್ದರು. ಈಗ ಬಹುಪಾಲು ಕೂಲಿ ಕೊಟ್ಟೇ ಮಾಡಿಸುತ್ತಾರೆ, ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದು. ಮುಯ್ಯಾಳು ಪೂರ್ತಿ ನಿಂತಿಲ್ಲ. ಬೆಂಕಿಯ ಕಾವಲು ಮಾತ್ರ ಇವತ್ತಿಗೂ ಊರವರದೇ. ಸರದಿ ಪ್ರಕಾರ ದಿನವೂ ಬೀದಿ ಸುತ್ತಿ ಎಚ್ಚರಿಸುತ್ತಾರೆ. ಒಂದು ಸೂರಿಗೆ ಕಿಡಿ ಬಿದ್ದರೆ ಊರೇ ಹೋಗುತ್ತದೆ. ಅದಕ್ಕೇ ಮನೆಗಳ ನಡುವೆ ನೀರಿನ ಫಿರಂಗಿಗಳನ್ನು ನಿಲ್ಲಿಸಿದ್ದಾರೆ, ವರ್ಷಕ್ಕೊಮ್ಮೆ ಚಳಿಗಾಲಕ್ಕೆ ಮುಂಚೆ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಪರೀಕ್ಷೆ ಮಾಡುತ್ತಾರೆ. ಯಜಮಾನರಿಗೆ ಬೀಡಿ ಸಿಗರೇಟು ಅಭ್ಯಾಸವಿದ್ದರೆ ಬೀದಿಯಲ್ಲಿ ಹಚ್ಚಲೇಬಾರದು, ನೆನಪಿರಲಿ.

ಇನ್ನು ನಿಮ್ಮ ಮಂಡಿ. ಓಗಿಮಾಚಿ ಬಹುಮಟ್ಟಿಗೆ ಸಪಾಟು. ಹಗಲು ಹೊತ್ತು ಊರೊಳಗೆ ಹೊರಗಿನ ಕಾರು ಬಿಡಲ್ಲ, ನದಿಯ ಆಚೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ತೂಗುಸೇತುವೆ ಮೇಲೆ ನಡೆದು ಬರಬೇಕು. ಸೇತುವೆ ಚೂರು ಅಲ್ಲಾಡುತ್ತದೆ, ಮೊಮ್ಮಗಳಿಗೆ ಖುಷಿ, ನಿಮಗೆ ಕೈ ಹಿಡಿದುಕೊಳ್ಳಲು ಜನ ಇದ್ದಾರೆ. ಊರನ್ನು ಮೇಲಿನಿಂದ ನೋಡುವ ಜಾಗಕ್ಕೆ ಏರು ಹಾದಿ. ಶಟಲ್ ಬಸ್ ಇದೆ, ಅದನ್ನೇ ಹಿಡಿಯಿರಿ. ಅದಕ್ಕೆ ಕ್ಯೂ ಉದ್ದವಿದ್ದರೆ ಬಿಟ್ಟುಬಿಡಿ, ಆ ಫೋಟೋ ನಿಮ್ಮ ಸೊಸೆಯ ಫೋನಿನಲ್ಲಿ ಈಗಾಗಲೇ ಇರುತ್ತದೆ. ಕಷ್ಟ ಇರುವುದು ಅಟ್ಟದ ಮೆಟ್ಟಿಲಲ್ಲಿ. ಕಡಿದಾಗಿದೆ, ಏಣಿ ಅಂದರೂ ನಡೆಯುತ್ತದೆ. ಸೀರೆ ಉಟ್ಟು ಹತ್ತುವುದು ಬೇಡಮ್ಮ. ಆ ಒಂದು ದಿನ ಸೊಸೆಯ ಚೂಡಿದಾರ ಹಾಕಿಕೊಳ್ಳಿ, ನಮ್ಮೂರಿನವರು ಯಾರೂ ನೋಡಲ್ಲ. ನಾನು ಕಂಡ ಹಾಗೆ ಇಳಿಯುವಾಗಲೇ ಮಂಡಿಗೆ ಜಾಸ್ತಿ ತೊಂದರೆ, ಹಿಂದುಮುಂದಾಗಿ ಇಳಿಯಿರಿ. ಒಂದೇ ಮನೆಯ ಅಟ್ಟ ಹತ್ತಿದರೆ ಸಾಕು. ಪ್ರತಿ ಮನೆಯಲ್ಲೂ ಚಪ್ಪಲಿ ಬಿಚ್ಚಬೇಕು, ಏಪ್ರಿಲ್ ಕೊನೆಗೂ ನೆಲ ತಣ್ಣಗೆ ಕೊರೆಯುತ್ತದೆ, ದಪ್ಪ ಕಾಲುಚೀಲ ಇರಲಿ.

ಊಟದ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ, ನನ್ನದನ್ನು ನಂಬಿ. ಅಲ್ಲಿ ಮೀನು ಕಣ್ಣಿಗೆ ಕಾಣದಿದ್ದರೂ ಸಾರಿನಲ್ಲಿ ಇರುತ್ತದೆ. ನೂಡಲ್ಸಿನ ಸಾರು, ತರಕಾರಿ ಬೇಯಿಸಿದ ನೀರು, ಎಲ್ಲಕ್ಕೂ ಒಣಮೀನಿನ ರಸವೇ ಅಡಿಪಾಯ. ಅನ್ನ ಕುಟ್ಟಿ ಕಡ್ಡಿಗೆ ಹಚ್ಚಿ ಸುಡುವ ಗೊಹೆಯಿ ಮೋಚಿ ಸಿಗುತ್ತದೆ, ಮೇಲೆ ಸವರುವ ಗೊಜ್ಜಿನಲ್ಲಿ ಏನಿದೆ ಅಂತ ಸೊಸೆ ಕೇಳಿ ತಿಳಿಯಲಿ. ಆ ಕಡೆಯ ತೋಫು ಬಹಳ ಗಟ್ಟಿ, ಹಗ್ಗ ಕಟ್ಟಿ ಹಿಡಿದುಕೊಂಡು ಹೋಗಬಹುದು ಅಂತಾರೆ, ಅದನ್ನು ಸಾರಿಲ್ಲದೆ ತಿನ್ನಬಹುದು. ಇಷ್ಟೆಲ್ಲ ತಲೆಬಿಸಿ ಯಾಕೆ, ಬೆಳಿಗ್ಗೆ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡು ಹೊರಡಿ. ಪಾರ್ಕಿಂಗ್ ಹತ್ತಿರ ಕೂತು ತಿಂದು, ಕಸವನ್ನು ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ. ಊರೊಳಗೆ ಕಸದ ತೊಟ್ಟಿ ಹುಡುಕಿದರೂ ಸಿಗಲ್ಲ.

ಮಧ್ಯಾಹ್ನಕ್ಕೆ ಸುಗನುಮಾಗೆ ಹೋಗುವುದನ್ನು ತಪ್ಪಿಸಬೇಡಿ. ಕಾರಿನಲ್ಲಿ ಅರ್ಧ ಗಂಟೆಯೂ ಆಗಲ್ಲ. ಒಂಬತ್ತೇ ಗಸ್ಶೋ ಮನೆಗಳಿರುವ ಊರು, ಜನ ಕಡಿಮೆ, ಮೇಲಿನ ಪಾರ್ಕಿಂಗ್‌ನಿಂದ ಕೆಳಗಿಳಿಯಲು ಲಿಫ್ಟ್ ಬೇರೆ ಇದೆ. ಪೆಟ್ಲುಪ್ಪು ಹೇಗೆ ಮಾಡುತ್ತಿದ್ದರು ಅಂತ ತೋರಿಸುವ ಪುಟ್ಟ ಮ್ಯೂಸಿಯಂ ಇರುವುದೂ ಅಲ್ಲೇ. ಹುಳದ ಹಿಕ್ಕೆಯ ಕತೆ ನಂಬದಿದ್ದರೆ ಯಜಮಾನರನ್ನು ಅದರೊಳಗೆ ಕರೆದುಕೊಂಡು ಹೋಗಿ.

ತಾರೀಕಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಏಪ್ರಿಲ್ ಕೊನೆಯಿಂದ ಮೇ 5ರ ತನಕ ಜಪಾನಿನಲ್ಲಿ ಸಾಲು ರಜೆ, ದೇಶಕ್ಕೆ ದೇಶವೇ ರಸ್ತೆಯಲ್ಲಿರುತ್ತದೆ. ಮೇ ಎರಡನೇ ವಾರದ ಮಾಮೂಲಿ ದಿನಕ್ಕೆ ತಳ್ಳಿದರೆ ನಗೋಯಾದಿಂದ ಕಾರಿನಲ್ಲಿ ಎರಡೂವರೆ ಮೂರು ಗಂಟೆ ಸಾಕು. ಮಗನಿಗೆ ರಜೆ ಸಿಗುವುದೇ ಆ ಸಾಲು ರಜೆಯಲ್ಲಿ ಅಂದರೆ ದಿನವನ್ನು ತಿರುಗಿಸಿ: ಕತ್ತಲಿರುವಾಗಲೇ ಹೊರಟು ಮೊದಲು ಸುಗನುಮಾ, ಓಗಿಮಾಚಿಗೆ ಬಸ್ಸುಗಳು ವಾಪಸ್ ಹೊರಡಲು ಶುರುವಾಗುವ ಮೂರು ಗಂಟೆ ಮೇಲೆ. ಮನೆಗಳು ಸಂಜೆ ಐದಕ್ಕೆ ಬಾಗಿಲು ಹಾಕುತ್ತವೆ, ನಾಲ್ಕರೊಳಗೆ ವಾಡಾ ಮನೆಯ ಟಿಕೆಟ್ ಕೈಯಲ್ಲಿರಲಿ.