ಕೀತ್ ರಿಚರ್ಡ್ಸ್ ಆತ್ಮಕಥೆಯ ಗಿಟಾರ್ ಪುಟಗಳು: ಪ್ರತಿಕ್ರಿಯೆ

ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಆತ್ಮಕಥೆ ‘ಲೈಫ್’ ಓದುವಾಗ ಟ್ಯೂನಿಂಗ್ ಪುಟಗಳು, ಅಂದರೆ ಗಿಟಾರ್ ತಂತಿಗಳ ಸ್ವರ ಹೊಂದಿಸುವ ಪುಟಗಳು, ತಲೆಗೆ ಹತ್ತುತ್ತಿಲ್ಲ, ಹಾರಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾರಿಸಬೇಡಿ, ಪುಸ್ತಕದ ತಿರುಳೇ ಅದು. ಗಿಟಾರ್ ಸಿಕ್ಕರೆ ಕೀತ್ ಮಾಡಿದ ಹಾಗೇ ದಪ್ಪನೆಯ ಆರನೇ ತಂತಿ ಬಿಚ್ಚಿಡಿ. ಐದನೆಯದನ್ನು ಎ ಸ್ವರದಿಂದ ಜಿ-ಗೆ, ಒಂದನೆಯದನ್ನು ಇ-ಯಿಂದ ಡಿ-ಗೆ ಇಳಿಸಿ. ನಡುವಿನ ಮೂರನ್ನು ಮುಟ್ಟಬೇಡಿ. ಈಗ ಏನೂ ಒತ್ತದೆ ಮೀಟಿದರೂ ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ). ಐದನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಅಡ್ಡಪಟ್ಟಿ) ಒಂದೇ ಬೆರಳು ಅಡ್ಡ ಒತ್ತಿದರೆ ಸಿ ಮೇಜರ್. ಆರನೇ ತಂತಿ ಹಾಗೇ ಬಿಟ್ಟರೆ ಮೂಲಸ್ವರದ ಕೆಳಗೆ ಇನ್ನೊಂದು ಸ್ವರ ಗುಂಯ್‌ಗುಟ್ಟಿ ಎಲ್ಲ ರಾಡಿ. ಆಮೇಲೆ ಇದೇ ಟ್ಯೂನಿಂಗ್‌ನಲ್ಲಿ ನುಡಿಸಿದ ಸ್ಟೋನ್ಸ್ ಹಾಡು ‘ಬ್ರೌನ್ ಶುಗರ್’ ಕೇಳಿ, ಆ ಪುಟಗಳು ತಾವಾಗೇ ಬಿಚ್ಚಿಕೊಳ್ಳುತ್ತವೆ.

ಡ್ರಗ್ಸ್ ಪ್ರಸಂಗಗಳನ್ನು ನಂಬಬೇಕೋ ಬೇಡವೋ ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ಕೀತ್ ಮನೆ ರೆಡ್‌ಲ್ಯಾಂಡ್ಸ್ ಮೇಲೆ 1967ರ ಪೊಲೀಸ್ ದಾಳಿ, ಅಪೀಲಿನಲ್ಲಿ ಬಿದ್ದುಹೋದ ಶಿಕ್ಷೆ, 1977ರ ಟೊರಾಂಟೊ ಬಂಧನ, ಇವೆಲ್ಲ ದಾಖಲೆಯಲ್ಲಿವೆ. ಬ್ಯಾಂಡಿನ ಗಾಯಕ ಮಿಕ್ ಜಾಗರ್ ಬಗೆಗಿನ ಕುಟುಕು ಮಾತ್ರ ಒಂದೇ ಕಡೆಯ ವಾದ, ಹಾಗೇ ಓದಿಕೊಳ್ಳಿ. ಪುಸ್ತಕ ಪತ್ರಕರ್ತ ಜೇಮ್ಸ್ ಫಾಕ್ಸ್ ಜೊತೆ ಸೇರಿ ಬರೆದದ್ದು, ಆದರೂ ಕೀತ್ ಮಾತಿನ ವರಸೆ ಹಾಗೇ ಉಳಿದಿದೆ. ಮೊದಲ ಅಧ್ಯಾಯ 1975ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಪೊಲೀಸರು ತಡೆದ ಕಥೆ, ಬಾಲ್ಯ ಬರುವುದು ಅದಾದ ಮೇಲೆ. ಇಸವಿ ಹಿಂದುಮುಂದಾಯಿತು ಅಂತ ಗಾಬರಿಯಾಗಬೇಡಿ.